ಐದು ಹೆಬ್ಬೆಟ್ಟು, ಒಂದು ರಿಪೋರ್ಟ್: ಕೈತಪ್ಪಿ ಹೋಗ್ತಿದ್ದ ಒಂದು ಗ್ರೂಪ್ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿ ಯಾರ ಹೆಸರೂ ಇಲ್ಲ, ಕಾಲೇಜ್ ಯಾವ್ದು ಅಂತಾನೂ ಇಲ್ಲ, ಗುರುತು ಸಿಗೋ ಅಂಥ ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ. ಆರು ಜನ ಇದ್ವಿ, ಅದರಲ್ಲಿ ನಾನೂ ಒಬ್ರು. ಕೆಳಗೆ ಬರೋ ಆರು ಪಾತ್ರದಲ್ಲಿ ನಂದು ಯಾವ್ದು ಅಂತ ಮಾತ್ರ ಹೇಳಲ್ಲ, ಹೇಳಿದ್ರೆ ನನ್ನ ತಪ್ಪು ಸಣ್ಣದಾಗಿ ಕಾಣೋ ಹಾಗೆ ಬರೀತೀನಿ ಅನ್ನೋ ಭಯ ನನಗೇ ಇದೆ.

ಗ್ರೂಪ್ ಪ್ರಾಜೆಕ್ಟ್ ಹಾಳಾಯ್ತು ಅಂದ ತಕ್ಷಣ ಎಲ್ರೂ ಹೇಳೋ ಕಥೆ ಒಂದೇ, ಇಬ್ರು ದುಡಿದ್ರು ಉಳಿದೋರು ಪಲ್ಲಕ್ಕಿ ಮೇಲೆ ಕೂತಿದ್ರು ಅಂತ. ನಮ್ದು ಹಂಗಿರ್ಲಿಲ್ಲ. ಬೇಕಂತಲೇ ಕೆಲಸ ತಪ್ಪಿಸ್ಕೊಂಡೋರು ಒಬ್ರೂ ಇರ್ಲಿಲ್ಲ, ಆದ್ರೂ ಎಂಟು ವಾರದ ಪ್ರಾಜೆಕ್ಟಲ್ಲಿ ಐದನೇ ವಾರ ಮುಗಿಯೋ ಹೊತ್ತಿಗೆ ಕೈಯಲ್ಲಿ ಸಬ್ಮಿಟ್ ಮಾಡೋಕೆ ಒಂದು ಪೇಜೂ ಇರ್ಲಿಲ್ಲ. ಅದು ಹೆಂಗೆ ಸಾಧ್ಯ ಅಂತಾನೇ ಇದನ್ನ ಬರೀತಿರೋದು.

ಹಿನ್ನೆಲೆ

ಡಿಗ್ರಿ ಕೊನೇ ವರ್ಷ, ರಿಸರ್ಚ್ ಮೆಥಡಾಲಜಿ ಅನ್ನೋ ಪೇಪರ್. ಗ್ರೂಪ್ ನಾವು ಆರಿಸ್ಕೊಂಡಿದ್ದಲ್ಲ, ಮೇಡಂ ಪಟ್ಟಿ ನೋಡಿ ಹಾಕಿದ್ದು. ವಿಷಯ ನಾವೇ ಹಿಡಿದ್ವಿ: ಸ್ಟೂಡೆಂಟ್ಸ್ ರಾತ್ರಿ ಫೋನ್ ನೋಡೋದಕ್ಕೂ ನಿದ್ದೆಗೂ ಏನಾದ್ರೂ ಸಂಬಂಧ ಕಾಣುತ್ತಾ ಅಂತ. ಕೊಡಬೇಕಾಗಿದ್ದು ಕನಿಷ್ಠ 120 ಜನರ ಸರ್ವೆ, 25 ಪೇಜಿನ ರಿಪೋರ್ಟ್, 12 ನಿಮಿಷದ ಪ್ರೆಸೆಂಟೇಷನ್. ಒಟ್ಟು 50 ಮಾರ್ಕ್ಸ್, ಅದರಲ್ಲಿ 10 ಮಾರ್ಕ್ಸ್ ಗ್ರೂಪಿನವರೇ ಒಬ್ಬರಿಗೊಬ್ಬರು ಕೊಡೋದು.

ಪಾತ್ರಗಳು ಇವು. ಲೀಡರ್: ಇವಳನ್ನ ಯಾರೂ ಲೀಡರ್ ಅಂತ ಆರಿಸಿರ್ಲಿಲ್ಲ, ವಾಟ್ಸಾಪ್ ಗ್ರೂಪ್ ಮಾಡಿದೋಳು ಇವಳು, ಹಂಗಾಗಿ ತಾನಾಗೇ ಲೀಡರ್ ಆದ್ಳು. ಬರಹಗಾರ: ಚೆನ್ನಾಗಿ ಬರೀತಾನೆ, ಅದು ಅವನಿಗೂ ಗೊತ್ತು. ಎಕ್ಸೆಲ್: ನಂಬರ್ ಕೊಟ್ರೆ ಖುಷಿ, ಮನುಷ್ಯರ ಜೊತೆ ಮಾತಾಡು ಅಂದ್ರೆ ಸಂಕಟ. ಡಿಸೈನ್: ಸ್ಲೈಡ್ ಮಾಡೋಳು. ಪಾರ್ಟ್‌ಟೈಮ್: ಸಂಜೆ ಕೆಲಸಕ್ಕೆ ಹೋಗ್ತಿದ್ಳು, ರಾತ್ರಿ ಹತ್ತರ ತನಕ ಫೋನ್ ಮುಟ್ಟೋ ಹಂಗಿಲ್ಲ. ಆಮೇಲೆ ಮೌನಿ, ಅವನ ಬಗ್ಗೆ ಮುಂದೆ ಬರುತ್ತೆ.

ಮೊದಲ ವಾರ ನಲವತ್ತು ನಿಮಿಷದ ಒಂದು ಕಾಲ್ ಆಯ್ತು, ನಗಾಡ್ಕೊಂಡು ವಿಷಯ ಫಿಕ್ಸ್ ಮಾಡಿದ್ವಿ. ಅವತ್ತು ರಾತ್ರಿನೇ ಲೀಡರ್ ಒಂದು ಉದ್ದದ ಮೆಸೇಜ್ ಹಾಕಿದ್ಳು. ಇಂಟ್ರೊಡಕ್ಷನ್ ಲೀಡರ್, ಲಿಟರೇಚರ್ ರಿವ್ಯೂ (ಈ ವಿಷಯದ ಮೇಲೆ ಮೊದಲೇ ಬಂದಿರೋ ಸಂಶೋಧನಾ ಪೇಪರ್ ಓದಿ ಬರೆಯೋ ಭಾಗ) ಮೌನಿ, ಪ್ರಶ್ನಾವಳಿ ಪಾರ್ಟ್‌ಟೈಮ್, ಮೆಥಡಾಲಜಿ ಬರಹಗಾರ, ಅನಾಲಿಸಿಸ್ ಎಕ್ಸೆಲ್, ಪಿಪಿಟಿ ಡಿಸೈನ್. ಆರು ಜನ, ಆರು ಕೆಲಸ, ಲೆಕ್ಕ ಪಕ್ಕಾ. ಕೆಳಗೆ ಟಪಟಪ ಅಂತ ಐದು ಹೆಬ್ಬೆಟ್ಟು (👍) ಬಿತ್ತು.

ಆ ಹೆಬ್ಬೆಟ್ಟಿನ ಬಗ್ಗೆ ಒಂದು ಮಾತು. ನಮ್ಮ ಭಾಷೇಲಿ ಹೆಬ್ಬೆಟ್ಟು ಒತ್ತೋದು ಅಂದ್ರೆ ಏನು ಅಂತ ಎಲ್ರಿಗೂ ಗೊತ್ತು, ಪತ್ರದಲ್ಲಿ ಏನು ಬರೆದಿದೆ ಅಂತ ಓದೋಕೆ ಬರದೇ ಇದ್ರೂ ಒಪ್ಪಿಗೆ ಅಂತ ಗುರುತು ಹಾಕೋದು. ನಾವು ಓದು ಬರಹ ಬರೋ ಆರು ಜನ, ಐದು ವಾರ ಅದನ್ನೇ ಮಾಡಿದ್ವಿ.

ಸಮಸ್ಯೆ ಬೆಳೆದ ರೀತಿ

ಮೊದಲ ತಪ್ಪು ಆ ಹಂಚಿಕೇಲೇ ಇತ್ತು, ಆದ್ರೆ ಆಗ ಯಾರಿಗೂ ಕಾಣಿಸ್ಲಿಲ್ಲ. ಆರು ಕೆಲಸಾನ ಪಕ್ಕಪಕ್ಕ ಇಟ್ವಿ, ಅವು ಇದ್ದಿದ್ದು ಒಂದರ ಹಿಂದೆ ಒಂದು. ಪ್ರಶ್ನಾವಳಿ ಇಲ್ದೇ ಡೇಟಾ ಇಲ್ಲ, ಡೇಟಾ ಇಲ್ದೇ ಅನಾಲಿಸಿಸ್ ಇಲ್ಲ, ಅನಾಲಿಸಿಸ್ ಇಲ್ದೇ ಸ್ಲೈಡಲ್ಲಿ ಹಾಕೋಕೆ ಏನಿರುತ್ತೆ. ಎಕ್ಸೆಲ್ ಮತ್ತೆ ಡಿಸೈನ್ ಇಬ್ರಿಗೂ ಮೊದಲ ನಾಲ್ಕು ವಾರ ಮಾಡೋಕೆ ಕೆಲಸಾನೇ ಇರ್ಲಿಲ್ಲ, ಅವರು ಸುಮ್ನಿರೋದು ನೋಡಿ ಬರಹಗಾರನಿಗೆ ಒಳಗೊಳಗೇ ಉರಿ ಶುರುವಾಗಿತ್ತು.

ಎರಡನೇ ವಾರ ಪಾರ್ಟ್‌ಟೈಮ್ ಫಾರ್ಮ್ ರೆಡಿ ಮಾಡಿದ್ಳು. ಕೆಲಸದ ಮಧ್ಯೆ ಸಿಗೋ ಇಪ್ಪತ್ತು ನಿಮಿಷದ ಬ್ರೇಕಲ್ಲಿ, ಫೋನಲ್ಲೇ. "ಫಾರ್ಮ್ ನೋಡಿ, ಏನಾದ್ರೂ ಚೇಂಜ್ ಇದ್ರೆ ಹೇಳಿ" ಅಂತ ಲಿಂಕ್ ಹಾಕಿದ್ಳು. ನಾಲ್ಕು ಹೆಬ್ಬೆಟ್ಟು, ಒಂದು "ಸೂಪರ್". ಆಮೇಲೆ ಕೇಳಿದಾಗ ಗೊತ್ತಾಗಿದ್ದು ಏನಂದ್ರೆ ಲಿಂಕ್ ಓಪನ್ ಮಾಡಿ ಕೊನೇವರೆಗೂ ಓದಿದೋರು ಒಬ್ರೂ ಇಲ್ಲ, ಸೂಪರ್ ಅಂದೋನು ಮೊದಲ ಪೇಜಿನ ಬಣ್ಣ ನೋಡಿ ಸೂಪರ್ ಅಂದಿದ್ದ.

ಆ ಫಾರ್ಮಲ್ಲಿ ಏನಿತ್ತು ನೋಡಿ. ದಿನಕ್ಕೆ ಎಷ್ಟು ಗಂಟೆ ನಿದ್ದೆ ಅನ್ನೋ ಪ್ರಶ್ನೆಗೆ ಆಯ್ಕೆಗಳು 5ರಿಂದ 6, 6ರಿಂದ 7, 7ರಿಂದ 8. ಸರಿಯಾಗಿ ಆರು ಗಂಟೆ ಮಲಗೋನು ಯಾವುದಕ್ಕೆ ಟಿಕ್ ಹಾಕ್ಬೇಕು? ಎರಡಕ್ಕೂ ಹಾಕ್ಬಹುದು. ಐದಕ್ಕಿಂತ ಕಮ್ಮಿ ಮಲಗೋರಿಗೆ ಜಾಗಾನೇ ಇಲ್ಲ. ಫೋನ್ ಎಷ್ಟು ಹೊತ್ತು ನೋಡ್ತೀರ ಅನ್ನೋದಕ್ಕೆ ಖಾಲಿ ಡಬ್ಬ ಕೊಟ್ಟಿದ್ಳು, ಅದರಲ್ಲಿ ಬಂದ ಉತ್ತರ "ತುಂಬಾ", "1-2", "ಗೊತ್ತಿಲ್ಲ", "ಅಮ್ಮ ಬೈಯೋವರೆಗೂ". ಇನ್ನೊಂದು ಪ್ರಶ್ನೆ "ಫೋನ್‌ನಿಂದ ನಿದ್ದೆ ಮತ್ತು ಓದು ಹಾಳಾಗ್ತಿದೆಯಾ", ನಿದ್ದೆ ಹಾಳಾಗಿ ಓದು ಚೆನ್ನಾಗಿರೋನು ಏನು ಅಂತ ಹೇಳೋದು, ಒಂದು ಪ್ರಶ್ನೇಲಿ ಎರಡು ಪ್ರಶ್ನೆ ತುರುಕಿದ್ವಿ. ಇದೆಲ್ಲ ಸರ್ವೆ ಪಾಠದಲ್ಲಿ ಮೊದಲ ಕ್ಲಾಸಲ್ಲೇ ಹೇಳೋ ತಪ್ಪುಗಳು. ಓದಿದ್ರೆ ಐದು ನಿಮಿಷದಲ್ಲಿ ಸಿಕ್ಕಿರೋದು.

ಮೂರನೇ ವಾರ ಇನ್ನೊಂದಾಯ್ತು. ಲೀಡರ್ ಗ್ರೂಪಲ್ಲಿ "ಲಿಟರೇಚರ್ ರಿವ್ಯೂ ದೊಡ್ಡದಾಗೋ ಹಂಗಿದೆ" ಅಂತ ಬರೆದು, ಬರಹಗಾರನನ್ನ ಟ್ಯಾಗ್ ಮಾಡಿ "ನೀನೂ ಸ್ವಲ್ಪ ನೋಡ್ಕೋ" ಅಂದ್ಳು. ನೋಡ್ಕೋ ಅನ್ನೋ ಪದ ಎಂಥ ಅಪಾಯದ ಪದ ಅಂತ ನನಗೆ ಅವತ್ತಿಂದ ಗೊತ್ತಾಯ್ತು. ಲೀಡರ್ ಮನಸ್ಸಲ್ಲಿ ಇದ್ದಿದ್ದು ಮೌನಿ ಬರೆದ ಮೇಲೆ ಒಂದ್ಸಲ ಕಣ್ಣಾಡಿಸು ಅಂತ. ಬರಹಗಾರನಿಗೆ ಅರ್ಥ ಆಗಿದ್ದು ಇನ್ಮೇಲೆ ಇದು ನಿನ್ನ ಜವಾಬ್ದಾರಿ ಅಂತ. ಮೌನಿಗೆ ಅರ್ಥ ಆಗಿದ್ದು ನಿನ್ನ ಕೈಯಿಂದ ಕಿತ್ಕೊಂಡ್ವಿ ಅಂತ. ಮೂರೂ ಜನ ಹೆಬ್ಬೆಟ್ಟು ಹಾಕಿದ್ರು.

ನಾಲ್ಕನೇ ವಾರ ಇಂಟರ್ನಲ್ಸ್ ಇತ್ತು, ಗ್ರೂಪ್ ಪೂರ್ತಿ ನಿಶ್ಶಬ್ದ. ಮಧ್ಯೆ ಒಂದೇ ಒಂದು ಮೆಸೇಜ್: "ರೆಸ್ಪಾನ್ಸ್ 134 ಬಂದಿದೆ, ಯಾರಾದ್ರೂ ಒಂದ್ಸಲ ಡೇಟಾ ಕ್ಲೀನ್ ಮಾಡಿಬಿಡಿ." ಕ್ಲೀನ್ ಮಾಡೋದು ಅಂದ್ರೆ ಬಂದ ಉತ್ತರದಲ್ಲಿ ತಪ್ಪು, ಅರೆಬರೆ ಇರೋದನ್ನ ಸರಿಮಾಡೋದು. ಯಾರಾದ್ರೂ ಅಂದ್ರೆ ಯಾರೂ ಅಲ್ಲ. ಇದನ್ನ ಸೈಕಾಲಜಿಯವರು ಯಾವತ್ತೋ ತೋರಿಸಿಬಿಟ್ಟಿದಾರೆ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಅನ್ನೋರು ಮಾಡಿದ ಪ್ರಯೋಗದಲ್ಲಿ, ಇಂಟರ್‌ಕಾಮಲ್ಲಿ ಮಾತಾಡ್ತಿದ್ದ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಕೇಳಿಸ್ತಾರೆ. ತಾನೊಬ್ಬನೇ ಕೇಳಿಸ್ಕೊಳ್ತಿದೀನಿ ಅಂದ್ಕೊಂಡಿದ್ದೋರಲ್ಲಿ 85 ಪರ್ಸೆಂಟ್ ಜನ ಅದು ಮುಗಿಯೋ ಮುಂಚೆನೇ ಎದ್ದು ಹೋಗಿ ಹೇಳಿದ್ರು, ಇನ್ನೂ ನಾಲ್ಕು ಜನ ಕೇಳಿಸ್ಕೊಳ್ತಿದಾರೆ ಅಂದ್ಕೊಂಡಿದ್ದೋರಲ್ಲಿ 31 ಪರ್ಸೆಂಟ್ ಮಾತ್ರ. ಪ್ರಾಣ ಹೋಗೋ ವಿಷಯಕ್ಕೇ ಹಿಂಗೆ, ಇನ್ನು ನಮ್ಮ ಎಕ್ಸೆಲ್ ಶೀಟ್ ಯಾವ ಲೆಕ್ಕ.

ಐದನೇ ವಾರದ ಗುರುವಾರ ರಾತ್ರಿ

ಅವತ್ತು ರಾತ್ರಿ ಹತ್ತೂವರೆಗೆ ಎಕ್ಸೆಲ್ ಮೊದಲ ಸಲ ಡೇಟಾ ಓಪನ್ ಮಾಡ್ದ. ಹತ್ತು ನಿಮಿಷ ಬಿಟ್ಟು ಒಂದು ಸ್ಕ್ರೀನ್‌ಶಾಟ್, ಕೆಳಗೆ "ಇದನ್ನ ಇಟ್ಕೊಂಡು ಏನೂ ಮಾಡೋಕಾಗಲ್ಲ". ಅದಕ್ಕೆ ಪಾರ್ಟ್‌ಟೈಮ್ "ಎರಡನೇ ವಾರಾನೇ ನೋಡಿ ಅಂದಿದ್ನಲ್ಲ". ಅಷ್ಟರಲ್ಲಿ ಬರಹಗಾರ ತಾನು ಬರೆದ 11 ಪೇಜಿನ ಲಿಟರೇಚರ್ ರಿವ್ಯೂ ಹಾಕ್ದ, ಲೀಡರ್ "ಅಯ್ಯೋ, ನೀವಿಬ್ರೂ ಶುರು ಮಾಡಿಲ್ಲ ಅಂದ್ಕೊಂಡು ನಾನೇ 4 ಪೇಜ್ ಬರೆದೆ ಕಣೋ" ಅಂದ್ಳು. ಒಂದೇ ಚಾಪ್ಟರ್ ಎರಡು ಸಲ ಬರೆದಾಗಿತ್ತು, ಡೇಟಾ ಕ್ಲೀನ್ ಮಾಡೋ ಕೆಲಸ ಒಂದು ಸಲಾನೂ ಆಗಿರ್ಲಿಲ್ಲ.

ಆಮೇಲೆ ನಡೆದಿದ್ದು ಎಲ್ಲಾ ಗ್ರೂಪಲ್ಲೂ ನಡೆಯೋದೇ. ಎಲ್ಲಾ ನಾನೇ ಮಾಡ್ಬೇಕಾ, ನೀನು ಯಾವತ್ತು ಕೇಳಿದ್ದೆ, ನನಗೂ ಬೇರೆ ಪೇಪರ್ ಇದೆ, ಹಿಂಗೇ. ಬೆಳಗ್ಗೆ ಎದ್ದು ನೋಡಿದ್ರೆ ಇನ್ನೂರಕ್ಕೂ ಹೆಚ್ಚು ಮೆಸೇಜ್. ಜಗಳ ಆಡಿ ಆಡಿ ಸುಸ್ತಾದಾಗ ಐದು ಜನಕ್ಕೂ ಒಪ್ಪಿಗೆ ಆಗೋ ಒಂದು ವಿಷಯ ಸಿಕ್ತು: ತಪ್ಪೆಲ್ಲ ಮೌನಿದು. ಅವನು ಮೂರು ವಾರದಿಂದ ಒಂದು ಮಾತಾಡಿಲ್ಲ, ಲಿಟರೇಚರ್ ರಿವ್ಯೂ ಅವನದ್ದು, ಅವನು ಮಾಡಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ. ಸುಮ್ನಿರೋನ ಮೇಲೆ ಹೊರೆ ಹಾಕೋದು ಎಷ್ಟು ಸುಲಭ. ಮೇಡಂಗೆ ಮೇಲ್ ಕಳಿಸಿ ಅವನ ಹೆಸರು ತೆಗೆಸೋಣ ಅಂತ ಲೀಡರ್ ಬೇರೆ ಗ್ರೂಪ್ ಮಾಡಿ, ಡ್ರಾಫ್ಟ್ ಕೂಡ ರೆಡಿ ಮಾಡಿ ಹಾಕಿದ್ಳು. ನಾಲ್ಕು ಹೆಬ್ಬೆಟ್ಟು.

ಇಲ್ಲಿ ನಾಲ್ಕು ಯಾಕೆ, ಮೂರೋ ನಾಲ್ಕೋ ಅಂತ ಎಣಿಸ್ತಾ ಕೂತ್ರೆ ಡಿಸೈನ್ ಹಾಕಿದ್ಳಾ ಇಲ್ವಾ ಅನ್ನೋದು ಬರುತ್ತೆ. ಅವಳೂ ಹಾಕಿದ್ಳು. ಹಾಕಿ, ಆಮೇಲೆ ಅದ್ಯಾಕೋ ಮನಸ್ಸು ತಡೀದೇ ಮೌನಿಗೆ ಫೋನ್ ಮಾಡಿದ್ಳು. ಈ ಇಡೀ ಪ್ರಕರಣದಲ್ಲಿ ಒಂದೇ ಒಂದು ತಿರುವು ತೋರಿಸು ಅಂದ್ರೆ ನಾನು ತೋರಿಸೋದು ಆ ಫೋನ್ ಕಾಲ್, ಆರು ನಿಮಿಷದ್ದು.

ಮೌನಿ ಹತ್ರ ಒಂಬತ್ತು ಪೇಪರಿನ ನೋಟ್ಸ್ ಇತ್ತು, ಕೈಯಲ್ಲಿ ಬರೆದಿದ್ದು, ಒಂದೊಂದಕ್ಕೂ ಒಂದೊಂದು ಹಾಳೆ. ಯಾಕೋ ಗ್ರೂಪಲ್ಲಿ ಹೇಳ್ಲಿಲ್ಲ ಅಂದ್ರೆ "ನಾನು ಕೇಳಿದ್ದೆ, ಯಾರೂ ಉತ್ತರ ಕೊಡ್ಲಿಲ್ಲ, ಆಮೇಲೆ ಬರಹಗಾರನಿಗೆ ಕೊಟ್ರಿ, ಹಂಗಾಗಿ ಬೇಡ ಅಂತ ಸುಮ್ನಾದೆ" ಅಂದ. ಡಿಸೈನ್‌ಗೆ ನಂಬಿಕೆ ಬರ್ಲಿಲ್ಲ, ಚಾಟ್ ಹಿಂದಕ್ಕೆ ಎಳೆದು ಎಳೆದು ನೋಡಿದ್ಳು. ಇತ್ತು. ಎರಡನೇ ವಾರದ ಮಂಗಳವಾರ, ಎರಡು ಫಾರ್ವರ್ಡ್ ಜೋಕಿನ ಮಧ್ಯೆ ಸಿಕ್ಕಾಕೊಂಡು: "ರಿವ್ಯೂ ಬರೆಯೋವಾಗ ಒಂದೊಂದು ಪೇಪರ್ ಬಗ್ಗೆ ಬೇರೆಬೇರೆ ಬರೀಬೇಕಾ, ಇಲ್ಲ ವಿಷಯದ ಪ್ರಕಾರ ಸೇರಿಸಿ ಬರೀಬೇಕಾ?"

ಅದರ ಕೆಳಗೆ ಎರಡು ಹೆಬ್ಬೆಟ್ಟು ಇತ್ತು.

ಇದಾ ಅದಾ ಅಂತ ಕೇಳಿದ ಪ್ರಶ್ನೆಗೆ ಹೆಬ್ಬೆಟ್ಟು ಒತ್ತಿದ್ವಿ. ಡಿಸೈನ್ ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದ್ಳು, ಜೊತೆಗೆ ಒಂದಕ್ಷರಾನೂ ಬರೀಲಿಲ್ಲ. ಸುಮಾರು ಹೊತ್ತು ಯಾರೂ ಏನೂ ಬರೀಲಿಲ್ಲ. ಆಮೇಲೆ ಲೀಡರ್ ಆ ಮೇಲ್ ಡ್ರಾಫ್ಟ್ ಡಿಲೀಟ್ ಮಾಡಿ "ನಾಳೆ ಎಲ್ರೂ ಮುಖಾಮುಖಿ ಕೂರೋಣ, ಪ್ಲೀಸ್" ಅಂದ್ಳು. ಪಾರ್ಟ್‌ಟೈಮ್‌ಗೆ ಯಾವಾಗ ಆಗುತ್ತೆ ಅಂತ ಮೊದಲ ಸಲ ಕೇಳಿದ್ದೂ ಅವತ್ತೇ.

ಏನೇನು ಮಾಡಿದ್ವಿ

ಮಾರನೇ ದಿನ ಮಧ್ಯಾಹ್ನ ಖಾಲಿ ಕ್ಲಾಸ್‌ರೂಮಲ್ಲಿ ಐವತ್ತೈದು ನಿಮಿಷ ಕೂತ್ವಿ. ಮೊದಲ ಹತ್ತು ನಿಮಿಷ ಮತ್ತೆ ಹಳೇ ಜಗಳದ ವಾಸನೆ ಹೊಡೀತಿತ್ತು. ಎಕ್ಸೆಲ್ ಎದ್ದು ಹೋಗಿ ಬೋರ್ಡ್ ಮೇಲೆ ಒಂದು ಸಾಲು ಬರೆದ, "ಕೊನೇ ದಿನ ಕೈಯಲ್ಲಿ ಏನಿರ್ಬೇಕು?" ಅಲ್ಲಿಂದ ಹಿಂದಕ್ಕೆ ಬಂದ್ವಿ. ಪ್ರೆಸೆಂಟೇಷನ್‌ಗೆ ಸ್ಲೈಡ್ ಬೇಕು, ಸ್ಲೈಡಿಗೆ ಗ್ರಾಫ್ ಬೇಕು, ಗ್ರಾಫಿಗೆ ಕ್ಲೀನ್ ಆದ ಡೇಟಾ ಬೇಕು, ಅದಕ್ಕೆ ಸರಿಯಾದ ಫಾರ್ಮ್ ಬೇಕು. ಉಳಿದಿದ್ದು 23 ದಿನ. ಹಿಂದಿನಿಂದ ಎಣಿಸಿದ್ರೆ ಫಾರ್ಮ್ ಮೂರು ದಿನದೊಳಗೆ ಹೊರಗೆ ಹೋಗ್ಬೇಕು ಅಂತ ತಾನಾಗೇ ಬಂತು, ಯಾರೂ ಯಾರಿಗೂ ಆರ್ಡರ್ ಮಾಡೋ ಅವಶ್ಯಕತೆನೇ ಬೀಳ್ಲಿಲ್ಲ.

ಆಮೇಲೆ ಒಂದು ಶೀಟ್ ಮಾಡಿದ್ವಿ, ಶೇರ್ ಮಾಡಿರೋದು, ನಾಲ್ಕೇ ಕಾಲಂ. ಕೆಲಸ ಏನು, ಯಾರದ್ದು, ಯಾವಾಗ, ಮತ್ತೆ ನಾಲ್ಕನೇದು ಮೌನಿ ಹೇಳಿದ್ದು: "ಮುಗೀತು ಅಂದ್ರೆ ಏನು". ಈ ನಾಲ್ಕನೇ ಕಾಲಂ ಇಲ್ದೇ ಇದ್ದಿದ್ರೆ ಉಳಿದ ಮೂರೂ ದಂಡ ಅಂತ ನನ್ನ ಅಭಿಪ್ರಾಯ. "ಲಿಟರೇಚರ್ ರಿವ್ಯೂ, ಮೌನಿ, ಬುಧವಾರ" ಅಂದ್ರೆ ಬುಧವಾರ ಏನು ಬರುತ್ತೆ ಅಂತ ಆರು ಜನಕ್ಕೆ ಆರು ಕಲ್ಪನೆ. "ಒಂಬತ್ತು ಪೇಪರ್, ಮೂರು ವಿಷಯದ ಕೆಳಗೆ, ಐದು ಪೇಜ್, ರೆಫರೆನ್ಸ್ ಸಮೇತ ಮೇನ್ ಫೈಲಲ್ಲಿ ಇರುತ್ತೆ" ಅಂತ ಬರೆದ್ರೆ ಜಗಳಕ್ಕೆ ಜಾಗಾನೇ ಇಲ್ಲ. ಒಂದು ಸಾಲಿಗೆ ಒಂದೇ ಹೆಸರು ಅಂತಾನೂ ಮಾಡ್ಕೊಂಡ್ವಿ. ಸಹಾಯಕ್ಕೆ ಎಷ್ಟು ಜನ ಬೇಕಾದ್ರೂ ಬರ್ಲಿ, ಕೇಳಿದ್ರೆ ಉತ್ತರ ಕೊಡೋನು ಒಬ್ಬ.

ಹೆಬ್ಬೆಟ್ಟಿಗೂ ಕಾನೂನು ಬಂತು. ಇನ್ಮೇಲೆ ಹೆಬ್ಬೆಟ್ಟು ಅಂದ್ರೆ "ಓದಿದೆ" ಅಷ್ಟೇ. ಒಪ್ಪಿಗೆ ಇದ್ರೆ ಒಪ್ಪಿಗೆ ಅಂತ ಬರೀಬೇಕು, ನಾನು ಮಾಡ್ತೀನಿ ಅಂದ್ರೆ ಏನು ಮಾಡ್ತೀನಿ ಯಾವಾಗ ಅಂತ ಬರೀಬೇಕು, ಪ್ರಶ್ನೆಗೆ ಹೆಬ್ಬೆಟ್ಟು ಹಾಕಂಗೇ ಇಲ್ಲ. ಮೌನಂ ಸಮ್ಮತಿ ಲಕ್ಷಣಂ ಅನ್ನೋದನ್ನ ಬೋರ್ಡ್ ಮೇಲೆ ಬರೆದು ಅದರ ಮೇಲೆ ಅಡ್ಡಗೆರೆ ಎಳೆದ್ಳು ಡಿಸೈನ್, ಎಲ್ರೂ ಮೌನಿ ಮುಖ ನೋಡಿ ನಕ್ಕಿದ್ವಿ, ಅವನೂ ನಕ್ಕ.

ಇನ್ನು ಹಾಳಾದ ಡೇಟಾ. ಇದು ನಿಜವಾಗ್ಲೂ ಕಷ್ಟದ ನಿರ್ಧಾರ. ಮೂರು ದಾರಿ ಇತ್ತು. ಇರೋದನ್ನೇ ಹೇಗೋ ತೇಪೆ ಹಚ್ಚೋದು, "ತುಂಬಾ" ಅಂದ್ರೆ 4 ಗಂಟೆ ಅಂತ ನಾವೇ ಅಂದ್ಕೊಂಡು ಹಾಕೋದು. ಎರಡನೇದು ಯಾರಿಗೂ ಹೇಳ್ದೇ ಮತ್ತೆ ಸರ್ವೆ ಮಾಡಿ ಮೊದಲಿಂದ್ಲೂ ಇದೇ ಅನ್ನೋ ಹಾಗೆ ತೋರಿಸೋದು. ಮೂರನೇದು ಮೇಡಂ ಹತ್ರ ಹೋಗಿ ಹಿಂಗಾಯ್ತು ಅನ್ನೋದು. ಬರಹಗಾರನಿಗೆ ಎರಡನೇದು ಇಷ್ಟ ಇತ್ತು, ಎಕ್ಸೆಲ್ ಒಪ್ಪಲೇ ಇಲ್ಲ, ಪ್ರಶ್ನೆ ಕೇಳಿದ್ರೆ ಸ್ಟೇಜ್ ಮೇಲೆ ಸುಳ್ಳು ಹೇಳೋನು ನಾನು ತಾನೇ ಅಂದ. ಕೊನೆಗೆ ಇಬ್ರು ಹೋಗಿ ಮೇಡಂಗೆ ಹೇಳಿದ್ರು. ಬೈತಾರೆ ಅಂದ್ಕೊಂಡಿದ್ವಿ. ಅವರು ಹೇಳಿದ್ದು, ಮೊದಲನೇ ಸರ್ವೆನ ಪೈಲಟ್ (ಪ್ರಶ್ನೆ ಸರಿ ಇದೆಯಾ ಅಂತ ನೋಡೋಕೆ ಮೊದಲು ಮಾಡೋ ಪ್ರಯೋಗದ ಸರ್ವೆ) ಅಂತ ರಿಪೋರ್ಟಲ್ಲಿ ಹಾಕಿ, ಏನು ತಪ್ಪಾಗಿತ್ತು, ಏನು ಬದಲಾಯಿಸಿದ್ರಿ ಅಂತ ಒಂದು ಪೇಜ್ ಬರೀರಿ, ಆಮೇಲೆ ಎರಡನೇ ಸುತ್ತಲ್ಲಿ 120 ಬರದೇ ಇದ್ರೆ ಎಷ್ಟು ಬಂತೋ ಅಷ್ಟನ್ನ ಹಾಗೇ ಹೇಳಿ ಅಂತ. ಪೈಲಟ್‌ಗೆ 134 ಜನ ಬೇಕಿರ್ಲಿಲ್ಲ, ಅಕ್ಕಪಕ್ಕ ಕೂತಿರೋ ನಾಲ್ಕು ಜನ ಸಾಕಿತ್ತು, ಅದೂ ಹೇಳಿದ್ರು.

ಹೊಸ ಫಾರ್ಮ್ ಏಳೇ ಪ್ರಶ್ನೆ. ಈ ಸಲ ಪಾರ್ಟ್‌ಟೈಮ್ ಗ್ರೂಪಿಗೆ ಲಿಂಕ್ ಹಾಕಿ ನೋಡಿ ಅನ್ಲಿಲ್ಲ. ಬೇರೆ ಕ್ಲಾಸಿನ ಮೂವರನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಫೋನ್ ಕೈಗೆ ಕೊಟ್ಟು, ಅವರು ತುಂಬೋದನ್ನ ಸುಮ್ನೆ ನೋಡ್ತಾ ಕೂತ್ಳು. ಎರಡನೇ ಹುಡುಗಿ ಮೂರನೇ ಪ್ರಶ್ನೆ ಹತ್ರ ನಿಂತುಬಿಟ್ಳು. "ಮಲಗೋ ಮುಂಚೆ ಅಂದ್ರೆ ಹಾಸಿಗೆಗೆ ಹೋಗೋ ಮುಂಚೆನಾ, ಹೋದ ಮೇಲಾ? ನಾನು ಫೋನ್ ನೋಡೋದೇ ಹಾಸಿಗೇಲಿ ಬಿದ್ಕೊಂಡು." ನಮ್ಮ ಇಡೀ ಪ್ರಾಜೆಕ್ಟ್ ನಿಂತಿರೋದೇ ಆ ಪದದ ಮೇಲೆ, ಆರು ಜನ ಐದು ವಾರದಲ್ಲಿ ಒಬ್ರಿಗೂ ಹೊಳೆದಿರ್ಲಿಲ್ಲ. ಅದನ್ನ "ಹಾಸಿಗೆಯಲ್ಲಿ ಮಲಗಿದ ಮೇಲೆ, ನಿದ್ದೆ ಹತ್ತುವವರೆಗೆ" ಅಂತ ಮಾಡಿದ್ವಿ. ಐದು ದಿನದಲ್ಲಿ 96 ರೆಸ್ಪಾನ್ಸ್ ಬಂತು, 96 ಅಂತಾನೇ ಹಾಕಿದ್ವಿ.

ಎಲ್ಲಾ ಸರಿಹೋಯ್ತು ಅಂದ್ಕೋಬೇಡಿ

ವಾರಕ್ಕೆ ಎರಡು ಸಲ ಹದಿನೈದು ನಿಮಿಷದ ಕಾಲ್ ಅಂತ ನಿಯಮ ಮಾಡಿದ್ವಿ, ಅದು ಎರಡನೇ ಸಲಕ್ಕೇ ಬಿದ್ದೋಯ್ತು, ಯಾಕಂದ್ರೆ ಟೈಮ್ ಇಟ್ಟಿದ್ದು ರಾತ್ರಿ ಎಂಟಕ್ಕೆ, ಪಾರ್ಟ್‌ಟೈಮ್ ಆಗ ಕೆಲಸದಲ್ಲಿ. ಬದಲಿಗೆ ಎಲ್ರೂ ಮೂರು ಸಾಲು ಬರೆದು ಹಾಕೋದು ಅಂತಾಯ್ತು: ಏನು ಮುಗೀತು, ಮುಂದೆ ಏನು, ಎಲ್ಲಿ ಸಿಕ್ಕಾಕೊಂಡಿದೀನಿ. ಇದು ನಡೀತು, ಮೌನಿಯಂಥೋರಿಗೆ ಕಾಲಲ್ಲಿ ಮಾತಾಡೋದಕ್ಕಿಂತ ಇದೇ ಆರಾಮ. ನಿರ್ಧಾರಗಳಿಗೆ ಅಂತ ಬೇರೆ ಗ್ರೂಪ್ ಮಾಡಿದ್ವಿ, ಅದರಲ್ಲೂ ಹತ್ತನೇ ದಿನಕ್ಕೆ ಜೋಕ್ ಶುರುವಾಯ್ತು. ಅದನ್ನ ತಡೆಯೋಕೆ ಆಗಲ್ಲ ಬಿಡಿ, ನಿರ್ಧಾರ ಆದ ತಕ್ಷಣ ಶೀಟಿಗೆ ಹಾಕಿದ್ರೆ ಜೋಕ್ ಇದ್ರೂ ನಷ್ಟ ಇಲ್ಲ.

ಅದಕ್ಕಿಂತ ದೊಡ್ಡದು ಏಳನೇ ವಾರದಲ್ಲಾಯ್ತು. ಬರಹಗಾರ ಬೆಳಗ್ಗೆ ಎದ್ದು ಮೇನ್ ಫೈಲ್ ಓಪನ್ ಮಾಡಿದ್ರೆ ಅವನ ಮೆಥಡಾಲಜಿ ಚಾಪ್ಟರ್ ಅವನದ್ದಾಗಿರ್ಲಿಲ್ಲ. ವರ್ಷನ್ ಹಿಸ್ಟರಿ ನೋಡಿದ್ರೆ ರಾತ್ರಿ ಎರಡು ಗಂಟೆಗೆ ಲೀಡರ್ ಕೂತು ಅರ್ಧಕ್ಕರ್ಧ ತಿದ್ದಿದ್ಳು. ನಿಜ ಹೇಳ್ಬೇಕಂದ್ರೆ ತಿದ್ದಿದ್ದು ಚೆನ್ನಾಗೇ ಇತ್ತು, ಅದೇ ಇನ್ನೂ ಉರಿ. ಅವನು ಗ್ರೂಪಲ್ಲಿ ಏನೋ ಟೈಪ್ ಮಾಡೋಕೆ ಹೋಗಿ, ಬಿಟ್ಟು, ಅವಳಿಗೇ ಫೋನ್ ಮಾಡ್ದ. "ನೀನು ತಿದ್ದು ಬೇಡ ಅನ್ನಲ್ಲ ಮಾರಾಯ್ತಿ, ಆದ್ರೆ ನಾನು ಎದ್ದಾಗ ನನ್ನ ಮನೇಲಿ ಬೇರೆಯವರು ಸಾಮಾನು ಜೋಡಿಸಿದ ಹಾಗಿತ್ತು." ಅವಳು ಹೇಳಿದ್ದು, ನನಗೆ ಭಯ, ಎಲ್ಲಿ ಮತ್ತೆ ಹಾಳಾಗುತ್ತೋ ಅಂತ, ನಿದ್ದೆ ಬರ್ಲಿಲ್ಲ. ನಿದ್ದೆ ಬಗ್ಗೆ ಪ್ರಾಜೆಕ್ಟ್ ಮಾಡೋಳಿಗೆ. ಅಲ್ಲಿಂದ ಬೇರೆಯವರ ಭಾಗದಲ್ಲಿ ಕಾಮೆಂಟ್ ಹಾಕ್ಬಹುದು, ಅಳಿಸೋ ಹಂಗಿಲ್ಲ ಅಂತಾಯ್ತು. ಇಂಥ ನಿಯಮ ಮೊದಲೇ ಯಾರಾದ್ರೂ ಹೇಳಿದ್ರೆ ಇಷ್ಟು ಸಣ್ಣ ವಿಷಯಕ್ಕೆಲ್ಲ ನಿಯಮ ಬೇಕಾ ಅಂತಿದ್ವಿ.

ಅನಾಲಿಸಿಸ್ ಎರಡು ದಿನ ಸಾಕು ಅಂದಿದ್ದ ಎಕ್ಸೆಲ್ ಆರು ದಿನ ತಗೊಂಡ. ಅದಕ್ಕೆ ಅವನನ್ನ ಬೈಯೋ ಹಾಗಿಲ್ಲ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಅನ್ನೋ ಮೂವರು ಥೀಸಿಸ್ ಬರೀತಿದ್ದ ವಿದ್ಯಾರ್ಥಿಗಳನ್ನ ಯಾವಾಗ ಮುಗಿಸ್ತೀರ ಅಂತ ಕೇಳಿದ್ರು, ಸರಾಸರಿ 33.9 ದಿನ ಅಂದ್ರು, ಆಗಿದ್ದು 55.5 ದಿನ. ನಮ್ಮನ್ನ ಉಳಿಸಿದ್ದು ಶೀಟಲ್ಲಿ ಸಬ್ಮಿಷನ್ ಮುಂಚೆ ನಾಲ್ಕು ದಿನ ಖಾಲಿ ಬಿಟ್ಟಿದ್ದು, ಅದನ್ನ ಬಿಡ್ಲೇಬೇಕು ಅಂತ ಹಠ ಹಿಡಿದೋಳು ಪಾರ್ಟ್‌ಟೈಮ್, ಯಾಕಂದ್ರೆ ದಿನದಲ್ಲಿ ಎಷ್ಟು ಗಂಟೆ ನಿಜವಾಗ್ಲೂ ಕೈಗೆ ಸಿಗುತ್ತೆ ಅನ್ನೋ ಲೆಕ್ಕ ನಮ್ಮೆಲ್ಲರಿಗಿಂತ ಅವಳಿಗೆ ಗೊತ್ತಿತ್ತು.

ಇದರಿಂದ ನಾನು ತಗೊಂಡಿದ್ದು

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಸಿ ಅಳತೆ ಮಾಡಿದ್ದು 1913ರಲ್ಲಿ ಪ್ರಕಟ ಆಯ್ತು. ಒಬ್ಬನೇ ಎಳೆದಾಗ 100 ಅಂದ್ಕೊಂಡ್ರೆ ಆರು ಜನ ಸೇರಿದಾಗ ತಲಾ 63ಕ್ಕೆ ಇಳಿಯುತ್ತೆ ಅಂತ ಅವರ ಲೆಕ್ಕ. ಇದನ್ನ ಕೇಳಿದ ತಕ್ಷಣ ಎಲ್ರೂ ಸೋಮಾರಿತನ ಅಂತಾರೆ. ಆದ್ರೆ ರಿಂಗಲ್‌ಮನ್ ಮುಖ್ಯ ಕಾರಣ ಅಂತ ಹೇಳಿದ್ದು ಹೊಂದಾಣಿಕೆ ತಪ್ಪೋದನ್ನ, ಅಂದ್ರೆ ಎಲ್ರೂ ಒಂದೇ ಕ್ಷಣಕ್ಕೆ ಎಳೀದೇ ಇರೋದು. ಸೋಮಾರಿತನ ಇಲ್ವೇ ಇಲ್ಲ ಅಂತಲ್ಲ, 1974ರಲ್ಲಿ ಇಂಗಮ್ ಮತ್ತೆ ಜೊತೆಯವರು ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಬೇರೆಯವರೂ ಎಳೀತಿದಾರೆ ಅಂತ ನಂಬಿಸಿದಾಗ ಒಬ್ಬನೇ ಎಳೀತಿದ್ರೂ ಜೋರು ಕಮ್ಮಿ ಆಯ್ತು. ಎರಡೂ ಇದೆ. ನಮ್ಮ ಗ್ರೂಪಲ್ಲಿ ಯಾವ್ದು ಎಷ್ಟು ಅಂತ ನಾವು ಕೇಳ್ಕೊಳ್ಳಲೇ ಇಲ್ಲ, ಸೀದಾ ಸೋಮಾರಿತನ ಅಂತ ತೀರ್ಪು ಕೊಟ್ವಿ, ಅದೂ ಒಂಬತ್ತು ಪೇಪರ್ ಓದಿದೋನಿಗೆ.

ಆರು ಜನ ಅಂದ್ರೆ ಇಬ್ಬಿಬ್ಬರ ನಡುವೆ 15 ದಾರಿ. ಅಷ್ಟೂ ದಾರೀಲಿ ಮಾತು ಸರಿಯಾಗಿ ಹೋಗ್ಬೇಕು ಅಂದ್ರೆ ಆಗಲ್ಲ, ಅದಕ್ಕೇ ಎಲ್ರೂ ನೋಡೋ ಒಂದು ಶೀಟ್ ಬೇಕಾಗಿದ್ದು. ನನ್ನ ಕೇಳಿದ್ರೆ ಆಪ್ ಯಾವ್ದು ಅನ್ನೋದು ಮುಖ್ಯಾನೇ ಅಲ್ಲ, ಗೋಡೆ ಮೇಲೆ ಅಂಟಿಸಿದ ಹಾಳೆ ಆದ್ರೂ ನಡೀತಿತ್ತು. ಜನ ಸುಮ್ನಾದ್ರೆ ಗ್ರೂಪಲ್ಲಿ ಟ್ಯಾಗ್ ಮಾಡಿ ಎಲ್ರೆದುರು ಮಾನ ಕಳೆಯೋ ಬದಲು ಒಬ್ರು ಫೋನ್ ಮಾಡ್ಬೇಕು, ಮತ್ತೆ ಅದು ಐದನೇ ವಾರದಲ್ಲಲ್ಲ, ಸುಮ್ನಾದ ಮೂರನೇ ದಿನ. ನಿಜವಾಗ್ಲೂ ಏನೂ ಮಾಡದೇ ಕೂತಿರೋರೂ ಇರ್ತಾರೆ, ಅಂಥೋರಿಗೆ ಫೋನ್ ಮಾಡಿದ್ರೂ ಪ್ರಯೋಜನ ಇಲ್ಲ, ಆಗ ಮೇಡಂಗೆ ಹೇಳೋದೇ ಸರಿ. ಆದ್ರೆ ಫೋನ್ ಮಾಡೋ ಮುಂಚೆ ಅದು ಯಾವ ಕೇಸ್ ಅಂತ ಗೊತ್ತಾಗಲ್ಲ, ನಮಗೆ ಗೊತ್ತಾಗಿದೆ ಅಂತ ಐದು ಜನಕ್ಕೂ ಅನಿಸಿತ್ತು.

ರಿಸಲ್ಟ್ ಹೇಳ್ಬಿಡ್ತೀನಿ. 50ಕ್ಕೆ 39 ಬಂತು. ಪೈಲಟ್ ತಪ್ಪುಗಳ ಬಗ್ಗೆ ಬರೆದ ಆ ಒಂದು ಪೇಜ್ ಮೇಡಂಗೆ ಇಡೀ ರಿಪೋರ್ಟಲ್ಲಿ ಇಷ್ಟ ಆಯ್ತಂತೆ. ಪ್ರೆಸೆಂಟೇಷನ್ 12 ನಿಮಿಷದ್ದು 14 ಆಯ್ತು, ಅದಕ್ಕೆ ಕಟ್ ಆಯ್ತು. ಮಾರ್ಕ್ಸ್ ಬಂದ ಮೇಲೆ ತಮಾಷೆಗೆ ಎಲ್ರೂ ಚೀಟಿ ಮೇಲೆ ಒಟ್ಟು ಕೆಲಸದಲ್ಲಿ ನಂದು ಎಷ್ಟು ಪರ್ಸೆಂಟ್ ಅಂತ ಗುಟ್ಟಾಗಿ ಬರೆದು ಹಾಕಿದ್ವಿ, ಕೂಡಿಸಿದ್ರೆ 158. 1979ರಲ್ಲಿ ರಾಸ್ ಮತ್ತು ಸಿಕೋಲಿ ಗಂಡ ಹೆಂಡತೀರನ್ನ ಮನೆಗೆಲಸದ ಬಗ್ಗೆ ಬೇರೆಬೇರೆ ಕೇಳಿದಾಗ್ಲೂ ಇಬ್ಬರ ಲೆಕ್ಕ ಕೂಡಿಸಿದ್ರೆ ಇರೋ ಕೆಲಸಕ್ಕಿಂತ ಜಾಸ್ತಿ ಆಗ್ತಿತ್ತಂತೆ, ಯಾಕಂದ್ರೆ ತಾನು ಮಾಡಿದ್ದು ನೆನಪಲ್ಲಿರುತ್ತೆ, ಬೇರೆಯವರು ಮಾಡಿದ್ದು ಕಣ್ಣಿಗೇ ಬಿದ್ದಿರಲ್ಲ. ಆ ಚೀಟಿಗಳಲ್ಲಿ ಹತ್ತಕ್ಕಿಂತ ಕಮ್ಮಿ ಬರೆದಿದ್ದು ಒಂದೇ ಒಂದು, ಯಾರ ಕೈಬರಹ ಅಂತ ಎಲ್ರಿಗೂ ಗೊತ್ತಾಯ್ತು, ಯಾರೂ ಹೇಳ್ಲಿಲ್ಲ.

ಸಬ್ಮಿಷನ್ ದಿನದ್ದು ಹೇಳೋದು ಬಿಟ್ಟೋಗಿತ್ತು. ಸಂಜೆ ಐದಕ್ಕೆ ಡೆಡ್‌ಲೈನ್, ಒಂದು ಗಂಟೆಗೆ ಲೀಡರ್ ಫೈನಲ್ ಪಿಡಿಎಫ್ ಹಾಕಿ "ಅಪ್‌ಲೋಡ್ ಮಾಡ್ತಿದೀನಿ, ಎಲ್ರೂ ಓಪನ್ ಮಾಡಿ ನೋಡಿ" ಅಂದ್ಳು. ಹಳೇ ಚಾಳಿ, ನಾಲ್ಕು ಹೆಬ್ಬೆಟ್ಟು ಬಿತ್ತು. ಇಪ್ಪತ್ತು ನಿಮಿಷ ಬಿಟ್ಟು ಮೌನಿದು ಮೆಸೇಜ್:

"ಪೂರ್ತಿ ಓದಿದೆ. 17ನೇ ಪೇಜ್ ಗ್ರಾಫಲ್ಲಿ ಲೇಬಲ್ ಅದಲುಬದಲಾಗಿದೆ. ಈಗ ಅದು ಫೋನ್ ಜಾಸ್ತಿ ನೋಡೋರಿಗೇ ಚೆನ್ನಾಗಿ ನಿದ್ದೆ ಬರುತ್ತೆ ಅಂತಿದೆ. ಅಪ್‌ಲೋಡ್ ಮಾಡ್ಬೇಡಿ."